ಮುಚ್ಚಿಗೆಯಿಲ್ಲದ ಮಾಡಿನ ಕೆಳಗೆ ಟ್ರ್ಯಾಕ್ ಲೈಟ್ ತೂಗುಹಾಕುವ ಕ್ರಮ

ಚಿಕ್ಕಮಗಳೂರು, ಮೂಡಿಗೆರೆ, ಕೊಪ್ಪದ ಕಡೆಯ ಹಳೆಯ ಮನೆಗಳನ್ನೂ ಕಾಫಿ ಗೋದಾಮುಗಳನ್ನೂ ಹೋಂಸ್ಟೇ, ಕೆಫೆ ಅಥವಾ ಅಂಗಡಿಯಾಗಿ ಮಾರ್ಪಡಿಸುವಾಗ ಬಹಳಷ್ಟು ಜನ ಮಾಡನ್ನು ತೆರೆದೇ ಬಿಡಲು ಬಯಸುತ್ತಾರೆ. ಹಂಚು, ರೀಪು, ಪಕಾಸು, ತೊಲೆ ಎಲ್ಲವೂ ಕಣ್ಣಿಗೆ ಕಾಣಬೇಕೆಂಬ ಈ ಆಸೆ ಸರಿಯಾದದ್ದೇ. ಹಲಸು, ಮತ್ತಿ, ಹೊನ್ನೆಯ ಮರಮುಟ್ಟನ್ನು ಜಿಪ್ಸಂ ಹಲಗೆಯಿಂದ ಮುಚ್ಚಿಬಿಟ್ಟರೆ ಮನೆಯ ಅಂದ ಮರೆಯಾಗುವುದಷ್ಟೇ ಅಲ್ಲ, ಹಂಚಿನಿಂದ ಸೋರಿದ ನೀರಾಗಲಿ ಹತ್ತಿದ ಗೆದ್ದಲಾಗಲಿ ಕಾಣಿಸಿಕೊಳ್ಳುವ ಹೊತ್ತಿಗೆ ಕಾಲ ಮೀರಿರುತ್ತದೆ. ಆದರೆ ಮುಚ್ಚಿಗೆ ಇಲ್ಲವೆಂದಾದ ಕೂಡಲೇ ದೀಪಗಳನ್ನು ಎಲ್ಲಿ ಕೂರಿಸಬೇಕು, ವೈರನ್ನು ಎಲ್ಲಿ ಹಾಯಿಸಬೇಕು ಎಂಬ ಪ್ರಶ್ನೆ ಏಳುತ್ತದೆ. ಒಂದೇ ಕಡೆಯಿಂದ ವಿದ್ಯುತ್ ಪಡೆದು ಉದ್ದಕ್ಕೂ ಎಷ್ಟೋ ದೀಪಗಳಿಗೆ ಹಂಚುವ, ಬೇಕೆಂದಾಗ ದೀಪದ ಜಾಗವನ್ನೂ ದಿಕ್ಕನ್ನೂ ಬದಲಿಸಲು ಬಿಡುವ ಟ್ರ್ಯಾಕ್ ಲೈಟ್, ಅಂದರೆ ಹಳಿಯಂತಹ ಉದ್ದ ಪಟ್ಟಿಗೆ ಸಿಕ್ಕಿಸುವ ದೀಪಗಳ ಸಾಲು, ಇಂತಹ ಜಾಗಕ್ಕೆ ಬಹಳ ಚೆನ್ನಾಗಿ ಹೊಂದುತ್ತದೆ. ತೊಡಕೆಂದರೆ, ಅದು ಮೂಲತಃ ಸಮತಟ್ಟಾದ ಛಾವಣಿಗೆ ಅಂಟಿಕೊಂಡು ಕೂರಲು ತಯಾರಾದ ವಸ್ತು. ಇಳಿಜಾರಾದ, ಎತ್ತರದ ಮಾಡಿನಿಂದ ಅದನ್ನು ಇಳಿಬಿಡಬೇಕಾದರೆ ಮೊದಲೇ ಲೆಕ್ಕ ಹಾಕಿಕೊಳ್ಳಬೇಕು.

ಈ ಕೆಲಸದಲ್ಲಿ ನಾನು ಎಲ್ಲಕ್ಕಿಂತ ಮೊದಲು ಹೇಳುವ ಮಾತು ಒಂದೇ: ಟ್ರ್ಯಾಕಿನ ಭಾರ ಹೊರಬೇಕಾದದ್ದು ಮಾಡನ್ನು ಹೊತ್ತ ತೊಲೆ, ಟ್ರಸ್ಸು ಅಥವಾ ಕಾಂಕ್ರೀಟೇ ಹೊರತು ಮಾಡನ್ನು ಮುಚ್ಚಿದ ಹಂಚು, ರೀಪು, ತಗಡುಗಳಲ್ಲ. ಒಮ್ಮೆ ಗೋದಾಮೊಂದನ್ನು ಕೆಫೆಯಾಗಿ ಮಾಡಿದ್ದ ಕಡೆ, ಹಿಂದೆ ಯಾರೋ ಕೆಲಸ ಮಾಡಿದವರು ತಗಡಿನ ಹೊದಿಕೆಗೆ ಬಡಿದ ಸ್ಕ್ರೂಗಳಿಗೇ ಸರಿಗೆ ಕಟ್ಟಿ ಟ್ರ್ಯಾಕನ್ನು ತೂಗುಬಿಟ್ಟಿದ್ದರು. ಜೂನ್ ತಿಂಗಳ ಗಾಳಿಮಳೆಗೆ ತಗಡು ಅದುರಿ ಅದುರಿ ಸ್ಕ್ರೂ ಸಡಿಲವಾಗಿ, ಟ್ರ್ಯಾಕಿನ ಒಂದು ತುದಿ ಊಟದ ಮೇಜಿನ ಮೇಲಕ್ಕೆ ಒಂದು ಮೊಳದಷ್ಟು ಜೋತುಬಿದ್ದಿತ್ತು. ಪುಣ್ಯಕ್ಕೆ ಆ ಹೊತ್ತಿಗೆ ಅಲ್ಲಿ ಯಾರೂ ಕೂತಿರಲಿಲ್ಲ. ಅದೇ ಸ್ಕ್ರೂ ಕಿತ್ತ ತೂತುಗಳಿಂದ ಮಳೆನೀರು ಟ್ರ್ಯಾಕಿನ ಮೇಲೇ ತೊಟ್ಟಿಕ್ಕುತ್ತಿತ್ತು ಎಂಬುದು ಇನ್ನೂ ಹೆಚ್ಚು ಅಂಜಿಕೆ ಹುಟ್ಟಿಸಿದ ಸಂಗತಿ.

ಮೊದಲು ಮಾಡನ್ನು ನೋಡುವುದು

ಅಂಗಡಿಗೆ ಹೋಗಿ ಟ್ರ್ಯಾಕ್ ಕೊಳ್ಳುವ ಮುನ್ನ ಏಣಿ ಹತ್ತಿ ಮಾಡನ್ನು ಹತ್ತಿರದಿಂದ ನೋಡಬೇಕು. ಮರದ ಮಾಡಾದರೆ ಗೋಡೆಯಿಂದ ಗೋಡೆಗೆ ಹಾಯುವ ಅಡ್ಡತೊಲೆಗಳು ಎಷ್ಟಿವೆ, ಅವುಗಳ ನಡುವಿನ ಅಂತರವೆಷ್ಟು ಎಂದು ಅಳೆದು ಬರೆದುಕೊಳ್ಳಬೇಕು. ತೊಲೆಯನ್ನು ಸುತ್ತಿಗೆಯ ಹಿಡಿಯಿಂದ ಅಲ್ಲಲ್ಲಿ ತಟ್ಟಿದರೆ ಗಟ್ಟಿ ಮರ ಒಂದು ಬಗೆಯ ಸದ್ದು ಕೊಡುತ್ತದೆ, ಒಳಗೆ ಟೊಳ್ಳಾದದ್ದು ಬೇರೆಯೇ ಸದ್ದು ಕೊಡುತ್ತದೆ. ಗೋಡೆಯೊಳಗೆ ಸೇರಿಕೊಂಡ ತೊಲೆಯ ತುದಿಗಳನ್ನು ಬಿಡದೆ ಪರೀಕ್ಷಿಸಬೇಕು, ಏಕೆಂದರೆ ಮಲೆನಾಡಿನ ತೇವಕ್ಕೆ ಮೊದಲು ಕುಂಬಾಗುವುದು ಆ ತುದಿಗಳೇ. ಚಾಕುವಿನ ಮೊನೆ ಸಲೀಸಾಗಿ ಒಳಕ್ಕೆ ಇಳಿಯುವ ಮರಕ್ಕೆ ದೀಪ ಕಟ್ಟುವ ಯೋಚನೆಯನ್ನು ಬಿಟ್ಟು ಬಡಗಿಯನ್ನು ಕರೆಸುವುದೇ ಲೇಸು.

ಕಬ್ಬಿಣದ ಟ್ರಸ್ಸಾದರೆ ಅದು ಆಂಗಲ್ಲಿನದೋ ಪೈಪಿನದೋ ನೋಡಿಕೊಳ್ಳಬೇಕು. ಆರ್‌ಸಿಸಿ ಛಾವಣಿಯಾದರೆ ಒಳಗೆ ಹಾಯ್ದ ವಿದ್ಯುತ್ ಪೈಪುಗಳ ದಾರಿಯನ್ನು ಜಂಕ್ಷನ್ ಬಾಕ್ಸುಗಳ ಜಾಡಿನಿಂದ ಗುರುತಿಸಿಕೊಳ್ಳಬೇಕು. ಹಂಚನ್ನು ಒಳಗೆ ಹುದುಗಿಸಿ ಹಾಕಿದ ಫಿಲ್ಲರ್ ಸ್ಲ್ಯಾಬ್ ಆಗಿದ್ದರೆ ಹಂಚು ಕಾಣುವ ಜಾಗಕ್ಕೆ ಡ್ರಿಲ್ ಹಾಕಲೇಬಾರದು; ಎರಡು ಹಂಚುಗಳ ನಡುವಿನ ಕಾಂಕ್ರೀಟ್ ಪಟ್ಟಿಯಲ್ಲಷ್ಟೇ ಹಾಕಬೇಕು.

ಭಾರದ ಲೆಕ್ಕ

ಟ್ರ್ಯಾಕಿನ ಭಾರ ದೊಡ್ಡದಲ್ಲ, ಆದರೆ ಅಂದಾಜಿನಲ್ಲಿ ಹೇಳುವುದಕ್ಕಿಂತ ತಕ್ಕಡಿಯಲ್ಲಿ ತೂಗಿ ನೋಡುವುದು ಒಳ್ಳೆಯದು. 6 ಮೀಟರ್ ಉದ್ದದ ಟ್ರ್ಯಾಕ್ ಮೀಟರಿಗೆ ಒಂದು ಕಿಲೋದಂತೆ 6 ಕಿಲೋ, ತಲಾ ಅರ್ಧ ಕಿಲೋದ ಒಂಬತ್ತು ದೀಪಗಳು ನಾಲ್ಕೂವರೆ ಕಿಲೋ ಎಂದಿಟ್ಟುಕೊಂಡರೆ ಒಟ್ಟು ಹತ್ತೂವರೆ ಕಿಲೋ ಆಗುತ್ತದೆ. ತೂಗುವ ಪ್ರತಿಯೊಂದು ಕೊಂಡಿಯೂ ತನ್ನ ಪಾಲಿಗೆ ಬರುವ ಭಾರದ ಐದು ಪಟ್ಟನ್ನಾದರೂ ತಾಳುವಂತಿರಬೇಕು ಎಂಬ ಲೆಕ್ಕವನ್ನು ನಾನು ಬಿಡುವುದಿಲ್ಲ. ದೀಪದ ದಿಕ್ಕು ತಿರುಗಿಸುವಾಗ ಜನ ಟ್ರ್ಯಾಕನ್ನು ಹಿಡಿದು ಎಳೆಯುತ್ತಾರೆ, ಹಬ್ಬ ಬಂದರೆ ಅದಕ್ಕೇ ತೋರಣ ಕಟ್ಟುತ್ತಾರೆ. ಈ ಹೆಚ್ಚಿನ ಭಾರ ಯಾವ ಕಾಗದದಲ್ಲೂ ಬರೆದಿರುವುದಿಲ್ಲ.

ಆಸರೆಯ ಅಂತರವೂ ಅಷ್ಟೇ ಮುಖ್ಯ. ಎರಡು ತುದಿಗಳಿಂದ ಸುಮಾರು 30 ಸೆಂಟಿಮೀಟರ್ ಒಳಗೆ ಒಂದೊಂದು ಕೊಂಡಿ, ನಡುವೆ ಒಂದು ಮೀಟರಿಗೊಂದರಂತೆ, ಹೆಚ್ಚೆಂದರೆ ನಾಲ್ಕು ಅಡಿಗೊಂದರಂತೆ ಕೊಂಡಿಗಳಿರಲಿ. ತಯಾರಕರ ಕಾಗದದಲ್ಲಿ ಇನ್ನೂ ಕಡಿಮೆ ಅಂತರ ಹೇಳಿದ್ದರೆ ಅದನ್ನೇ ಪಾಲಿಸಬೇಕು. ಎರಡು ಟ್ರ್ಯಾಕುಗಳನ್ನು ಜಾಯಿಂಟರ್ ಹಾಕಿ ಕೂಡಿಸಿದ ಜಾಗದ ಎರಡೂ ಪಕ್ಕಕ್ಕೆ, ಒಂದು ಗೇಣಿನೊಳಗೆ, ಪ್ರತ್ಯೇಕ ಕೊಂಡಿಗಳು ಬೇಕು. ಕೆಲಸ ಕಲಿಯುತ್ತಿದ್ದ ದಿನಗಳಲ್ಲಿ ನಾನು ಎರಡು ಟ್ರ್ಯಾಕ್ ಕೂಡಿಸಿ ತುದಿಗಳಿಗೆ ಮಾತ್ರ ಸರಿಗೆ ಕೊಟ್ಟಿದ್ದೆ. ಮೂರು ತಿಂಗಳಾಗುವಷ್ಟರಲ್ಲಿ ನಡು ಬಾಗಿ, ಜಾಯಿಂಟರಿನ ಒಳಗಿನ ತಾಮ್ರದ ಎಸಳು ಟ್ರ್ಯಾಕಿನ ತಾಮ್ರದ ಪಟ್ಟಿಯಿಂದ ಕೂದಲೆಳೆಯಷ್ಟು ದೂರ ಸರಿದಿತ್ತು. ದೀಪಗಳು ಮಿಣುಕುತ್ತಿವೆ ಎಂದು ಮನೆಯವರು ಕರೆಸಿದಾಗ ಬಿಚ್ಚಿ ನೋಡಿದರೆ ಎಸಳು ಕಪ್ಪಾಗಿತ್ತು, ಸುತ್ತಲಿನ ಪ್ಲಾಸ್ಟಿಕ್ ಕರಗಲು ಶುರುವಾಗಿತ್ತು. ಸಡಿಲವಾದ ಕೂಡಿಕೆ ಬಿಸಿಯಾಗುತ್ತದೆ. ಮರದ ಮಾಡಿನ ಕೆಳಗೆ ಆ ಬಿಸಿಯನ್ನು ಹಗುರವಾಗಿ ಎಣಿಸುವಂತಿಲ್ಲ.

ತೂಗುಹಾಕುವ ಬಗೆಗಳು

ಹೆಚ್ಚು ಬಳಕೆಯಲ್ಲಿರುವುದು ಸ್ಟೀಲ್ ವೈರ್ ರೋಪ್. ಒಂದೂವರೆ ಅಥವಾ ಎರಡು ಮಿಲಿಮೀಟರ್ ದಪ್ಪದ ಈ ಸರಿಗೆ ಮೇಲೆ ಕೊಂಡಿಗೆ ಸಿಕ್ಕಿ, ಕೆಳಗೆ ಗ್ರಿಪ್ಪರ್ ಎಂಬ ಸಣ್ಣ ಹಿತ್ತಾಳೆಯ ಬಿಲ್ಲೆಯ ಮೂಲಕ ಟ್ರ್ಯಾಕನ್ನು ಹಿಡಿಯುತ್ತದೆ. ಗ್ರಿಪ್ಪರಿನ ತುದಿಯನ್ನು ಒತ್ತಿದರೆ ಸರಿಗೆ ಸರಿದಾಡುತ್ತದೆ, ಬಿಟ್ಟರೆ ಕಚ್ಚಿ ಹಿಡಿಯುತ್ತದೆ. ಇಳಿಜಾರು ಮಾಡಿಗೆ ಇದರ ಅನುಕೂಲ ದೊಡ್ಡದು: ಕೊಂಡಿ ಯಾವ ಓರೆಯಲ್ಲಿದ್ದರೂ ಸರಿಗೆ ನೆಟ್ಟಗೆ ಕೆಳಕ್ಕೇ ಇಳಿಯುತ್ತದೆ, ಒಂದೊಂದು ಸರಿಗೆಯ ಉದ್ದ ಒಂದೊಂದು ಬಗೆಯಾದರೂ ಟ್ರ್ಯಾಕನ್ನು ಮಟ್ಟಕ್ಕೆ ತರಬಹುದು. ದೋಷವೆಂದರೆ ಉದ್ದದ ಸರಿಗೆ ಓಲಾಡುತ್ತದೆ. ಕಿಟಕಿ ತೆರೆದಿಡುವ ಜಗಲಿಯ ಪಕ್ಕದ ಕೋಣೆಯಲ್ಲಿ ಇದು ಕಿರಿಕಿರಿಯೇ. ಅದಕ್ಕೆ ಪರಿಹಾರವಾಗಿ ಟ್ರ್ಯಾಕಿನ ಒಂದು ಜಾಗದಿಂದ ಎರಡು ಸರಿಗೆಗಳನ್ನು ಎಡಕ್ಕೂ ಬಲಕ್ಕೂ ಚಾಚಿ ಕತ್ತರಿಯ ಕಾಲುಗಳಂತೆ ಮೇಲೆ ಕಟ್ಟಬೇಕು. ಎಲ್ಲಾ ಕಡೆ ಬೇಡ, ಎರಡು ತುದಿಗಳಲ್ಲಿ ಹೀಗೆ ಮಾಡಿದರೆ ಟ್ರ್ಯಾಕು ಸುಮ್ಮನೆ ನಿಲ್ಲುತ್ತದೆ. ನಮ್ಮ ಹವೆಗೆ ಎಸ್‌ಎಸ್ 304 ಸ್ಟೀಲಿನ ಸರಿಗೆಯೇ ಆಗಬೇಕು. ಕಬ್ಬಿಣದ ಬೈಂಡಿಂಗ್ ವೈರು ಎರಡು ಮಳೆಗಾಲ ಕಂಡರೆ ಹೆಚ್ಚು.

ಎರಡನೆಯದು ಗಟ್ಟಿ ರಾಡು ಅಥವಾ ಪೈಪು. ಎಂಟು ಮಿಲಿಮೀಟರಿನ ಥ್ರೆಡ್ ರಾಡಿಗೆ ಕಪ್ಪು ಬಣ್ಣ ಬಳಿದರೆ ಹಳೆಯ ಮರದ ನಡುವೆ ಚೆನ್ನಾಗಿಯೇ ಕಾಣುತ್ತದೆ, ಓಲಾಟವೂ ಕಡಿಮೆ. ಆದರೆ ಇಳಿಜಾರಾದ ಪಕಾಸಿಗೆ ರಾಡನ್ನು ನೇರವಾಗಿ ಬಿಗಿದರೆ ಅದು ಮಾಡಿನ ಓರೆಯನ್ನೇ ಹಿಡಿದು ನಿಲ್ಲುತ್ತದೆ. ಮೇಲ್ತುದಿಯಲ್ಲಿ ಮಡಚಿಕೊಳ್ಳುವ ಕೀಲು ಇದ್ದರಷ್ಟೇ ರಾಡು ನೆಟ್ಟಗಾಗುತ್ತದೆ. ಚೈನಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅದು ಭಾರ ತಾಳುತ್ತದೆ, ಆದರೆ ಕೊಂಡಿ ಕೊಂಡಿಯ ಲೆಕ್ಕದಲ್ಲಷ್ಟೇ ಉದ್ದ ಬದಲಾಗುವುದರಿಂದ ಮಟ್ಟ ಸರಿಯಾಗಿ ಕೂರುವುದಿಲ್ಲ, ದೂಳೂ ಜೇಡರ ಬಲೆಯೂ ಬೇಗ ಕಟ್ಟುತ್ತವೆ.

ಮೂರನೆಯ ಬಗೆ ನನಗೆ ಎಲ್ಲಕ್ಕಿಂತ ಮೆಚ್ಚಿಕೆಯದು. ಅಡ್ಡತೊಲೆಗಳ ನಡುವೆ ಆರೆಂಟು ಅಡಿ ಅಂತರವಿದ್ದು ಟ್ರ್ಯಾಕು ಅವುಗಳನ್ನು ಅಡ್ಡಹಾಯಬೇಕಾದಾಗ ನಾಲ್ಕು ಅಡಿಗೊಂದು ಕೊಂಡಿ ಕೊಡಲು ಮರವೇ ಸಿಗುವುದಿಲ್ಲ. ಆಗ ತೊಲೆಯಿಂದ ತೊಲೆಗೆ ಗ್ಯಾಲ್ವನೈಸ್ ಮಾಡಿದ ಸ್ಲಾಟೆಡ್ ಸಿ ಚಾನೆಲ್ (ತೂತುಗಳಿರುವ, ಸಿ ಆಕಾರದ ಉಕ್ಕಿನ ಪಟ್ಟಿ) ಹಾಯಿಸಿ ಅದರ ಹೊಟ್ಟೆಗೆ ಟ್ರ್ಯಾಕನ್ನು ಬಿಗಿಯಬೇಕು. ಬಾಗದಿರುವ ಕೆಲಸ ಚಾನೆಲ್ಲಿನದು, ಬೆಳಕು ಕೊಡುವ ಕೆಲಸ ಟ್ರ್ಯಾಕಿನದು ಎಂದು ಹೊಣೆ ಬೇರೆಯಾಗುತ್ತದೆ. ವೈರು ಚಾನೆಲ್ಲಿನ ಬೆನ್ನ ಮೇಲೆ ಪೈಪಿನಲ್ಲಿ ಹೋಗುವುದರಿಂದ ಕೆಳಗಿನಿಂದ ಕಾಣುವುದೂ ಇಲ್ಲ.

ನಾಲ್ಕನೆಯದನ್ನು ಎಚ್ಚರಿಕೆ ಕೊಡುವುದಕ್ಕಾಗಿಯೇ ಬರೆಯುತ್ತಿದ್ದೇನೆ. ಗೋಡೆಯಿಂದ ಗೋಡೆಗೆ ಸರಿಗೆ ಎಳೆದು, ಟರ್ನ್‌ಬಕಲ್ ಎಂಬ ಬಿಗಿಯುವ ತಿರುಪನ್ನು ತಿರುಗಿಸಿ ಬಿಗಿಮಾಡಿ, ಅದರ ಕೆಳಗೆ ಟ್ರ್ಯಾಕ್ ಕಟ್ಟುವ ಬಗೆ ನೋಡಲು ಬಹಳ ಹಗುರವಾಗಿ ಕಾಣುತ್ತದೆ. ಆದರೆ ಅಡ್ಡಕ್ಕೆ ಎಳೆದ ಸರಿಗೆ ಹೊರುವ ಸೆಳೆತ ದೀಪದ ಭಾರಕ್ಕಿಂತ ಎಷ್ಟೋ ಪಟ್ಟು ಹೆಚ್ಚು. ಮೀಟರಿಗೆ 2 ಕಿಲೋದಂತೆ 6 ಮೀಟರಿಗೆ 12 ಕಿಲೋ ಭಾರವಿದೆ ಎಂದುಕೊಳ್ಳೋಣ. ಸರಿಗೆ ನಡುವಿನಲ್ಲಿ 15 ಸೆಂಟಿಮೀಟರ್ ಜೋಲಲು ಬಿಟ್ಟರೆ ಎರಡೂ ಗೋಡೆಗಳ ಮೇಲೆ ಸುಮಾರು 60 ಕಿಲೋದ ಸೆಳೆತ ಬೀಳುತ್ತದೆ. ಜೋಲು ಕಾಣಬಾರದೆಂದು ಬಿಗಿದು 5 ಸೆಂಟಿಮೀಟರಿಗೆ ಇಳಿಸಿದರೆ ಅದೇ ಸೆಳೆತ 180 ಕಿಲೋಗೆ ಏರುತ್ತದೆ. ಮಣ್ಣಿನ ಗೋಡೆಗಾಗಲಿ, ಗಾರೆ ಸಡಿಲಾದ ಹಳೆಯ ಇಟ್ಟಿಗೆ ಗೋಡೆಗಾಗಲಿ ಈ ಎಳೆತ ಕೊಡುವುದು ಸಲ್ಲದು. ಕಾಂಕ್ರೀಟ್ ಕಂಬಗಳಿರುವ ಕಡೆ ಮಾತ್ರ, ಎಂಜಿನಿಯರನ್ನು ಕೇಳಿಯೇ ಇದನ್ನು ಮಾಡಬೇಕು.

ಕೊಂಡಿ ಕೂರಿಸುವ ಬಗೆ

ಮರದ ತೊಲೆಗೆ ಕೊಂಡಿ ಹಾಕುವಾಗ ಬಹುತೇಕರು ತೊಲೆಯ ಕೆಳಮೈಗೆ ಐ ಹುಕ್ಕನ್ನು (ಉಂಗುರದ ತಲೆಯ ಸ್ಕ್ರೂವನ್ನು) ನೇರವಾಗಿ ತಿರುಗಿಸುತ್ತಾರೆ. ಭಾರ ಆಗ ಹುಕ್ಕನ್ನು ಅದು ಹೊಕ್ಕ ದಾರಿಯಲ್ಲೇ ಹೊರಕ್ಕೆ ಎಳೆಯುತ್ತಿರುತ್ತದೆ. ಮಳೆಗಾಲದಲ್ಲಿ ಮರ ಉಬ್ಬಿ ಬೇಸಿಗೆಯಲ್ಲಿ ಕುಗ್ಗಿದಂತೆಲ್ಲ ಹಿಡಿತ ಸಡಿಲವಾಗುತ್ತದೆ. ತೊಲೆಯ ಪಕ್ಕದ ಮೈಗೆ, ಅದರ ಎತ್ತರದ ನಡುಮಟ್ಟದಲ್ಲಿ ಅಡ್ಡಲಾಗಿ ತಿರುಗಿಸಿದರೆ ಭಾರ ಸ್ಕ್ರೂವಿನ ಮೈಯ ಮೇಲೆ ಬೀಳುತ್ತದೆ, ಕಿತ್ತುಬರುವ ಅಂಜಿಕೆ ಇರುವುದಿಲ್ಲ. ಬಾಗುವಾಗ ತೊಲೆಯ ಕೆಳಅಂಚೇ ಹೆಚ್ಚು ಎಳೆತ ತಾಳುವ ಭಾಗವಾದ್ದರಿಂದ ಅಲ್ಲಿ ತೂತು ಹಾಕದಿರುವುದು ತೊಲೆಗೂ ಕ್ಷೇಮ. ಆರು ಮಿಲಿಮೀಟರಿನ ಸ್ಕ್ರೂವಿಗೆ ಮೊದಲು ನಾಲ್ಕು ಮಿಲಿಮೀಟರಿನ ಬಿಟ್ಟಿನಿಂದ ದಾರಿ ಮಾಡಿಕೊಳ್ಳಬೇಕು. ಹಣ್ಣಾದ ಹಲಸಿನ ಮರ ಬಹಳ ಗಟ್ಟಿ. ದಾರಿ ಮಾಡದೆ ತಿರುಗಿಸಿದರೆ ಒಂದೋ ಮರ ಸೀಳುತ್ತದೆ, ಇಲ್ಲವೇ ಸ್ಕ್ರೂವಿನ ಕತ್ತು ಮುರಿದು ತುಂಡು ಒಳಗೇ ಉಳಿಯುತ್ತದೆ. ಸ್ಕ್ರೂವಿನ ಸುರುಳಿಗೆ ಒಂದಿಷ್ಟು ಮೇಣ ತಿಕ್ಕಿದರೆ ಅದು ಸಲೀಸಾಗಿ ಒಳಗಿಳಿಯುತ್ತದೆ. ಕೆತ್ತನೆಯಿರುವ ತೊಲೆಗೆ ಒಂದು ತೂತನ್ನೂ ಹಾಕಬೇಡಿ. ತೊಲೆಯನ್ನು ಬಳಸಿ ಬರುವ ಪಟ್ಟಿ ಕ್ಲ್ಯಾಂಪ್ ಮಾಡಿಸಿ, ಒಳಗೆ ರಬ್ಬರ್ ಅಥವಾ ಚರ್ಮದ ತುಂಡಿಟ್ಟು ಬಿಗಿಯಿರಿ.

ಕಬ್ಬಿಣದ ಟ್ರಸ್ಸಿಗೆ ಪೈಪಾದರೆ ಯು ಬೋಲ್ಟ್, ಐ ಆಕಾರದ ತೊಲೆಯಾದರೆ ಬೀಮ್ ಕ್ಲ್ಯಾಂಪ್ ಸಾಕು. ಟ್ರಸ್ಸಿನ ಕಾಲುಗಳು ಒಂದಕ್ಕೊಂದು ಕೂಡುವ ಜಾಗಕ್ಕೆ ಹತ್ತಿರದಲ್ಲೇ ಕೊಂಡಿ ಕೊಡಬೇಕು. ತೆಳು ಪೈಪಿಗೆ ವೆಲ್ಡಿಂಗ್ ಮಾಡಿ ಬಣ್ಣ ಸುಟ್ಟರೆ ಅಲ್ಲಿಂದಲೇ ತುಕ್ಕು ಹಿಡಿಯುತ್ತದೆ. ಕಾಂಕ್ರೀಟಿಗೆ, ತೂತಿನೊಳಗೆ ಅರಳಿ ಕಚ್ಚುವ ಆಂಕರ್ ಫಾಸ್ಟನರ್ ಹಾಕುವಾಗ ತೂತಿನೊಳಗಿನ ಪುಡಿಯನ್ನು ಪೂರ್ತಿ ಊದಿ ತೆಗೆಯಿರಿ. ಪುಡಿ ಉಳಿದರೆ ಆಂಕರ್ ಅರಳಿದರೂ ಕಚ್ಚುವುದಿಲ್ಲ. ತಲೆಯ ಮೇಲಿನ ಭಾರಕ್ಕೆ ಪ್ಲಾಸ್ಟಿಕ್ ಗಿಟ್ಟಿ ಬೇಡವೇ ಬೇಡ.

ಮಟ್ಟ ಹಿಡಿಯುವುದು

ಹಳೆಯ ಮನೆಯಲ್ಲಿ ತೊಲೆಯೂ ಮಟ್ಟವಾಗಿರುವುದಿಲ್ಲ, ನೆಲವೂ ಇರುವುದಿಲ್ಲ. ತೊಲೆಯಿಂದ ಕೆಳಕ್ಕೆ ಒಂದೇ ಅಳತೆ ಹಿಡಿದು ಸರಿಗೆ ಕತ್ತರಿಸಿದವರು ಆಮೇಲೆ ಪಶ್ಚಾತ್ತಾಪ ಪಡುತ್ತಾರೆ. ಲೇಸರ್ ಮಟ್ಟ ಇದ್ದರೆ ಸರಿ. ಇಲ್ಲದಿದ್ದರೆ ಗಾರೆಯವರ ನೀರಿನ ಪೈಪೇ ಸಾಕು. ಅದರಿಂದ ನಾಲ್ಕೂ ಗೋಡೆಗಳ ಮೇಲೆ ಒಂದೇ ಎತ್ತರದ ಗುರುತು ಮಾಡಿ, ದಾರ ಎಳೆದು, ಟ್ರ್ಯಾಕನ್ನು ಆ ದಾರಕ್ಕೆ ಸಮನಾಗಿಸಬೇಕು. ನೆಲದಿಂದ ಒಂಬತ್ತು ಅಡಿಯ ಸುಮಾರಿನಲ್ಲಿ ಟ್ರ್ಯಾಕ್ ಇದ್ದರೆ ತಲೆಗೆ ತಾಗುವುದಿಲ್ಲ, ಸ್ಟೂಲು ಹಾಕಿಕೊಂಡು ದೀಪ ತಿರುಗಿಸಲೂ ಬರುತ್ತದೆ. ಹದಿನಾರು ಅಡಿಯ ನೆತ್ತಿಯ ಹತ್ತಿರ ಕಟ್ಟಿದ ಟ್ರ್ಯಾಕಿನ ದೀಪವನ್ನು ಆಮೇಲೆ ಯಾರೂ ಮುಟ್ಟುವುದಿಲ್ಲ. ತಿರುಗಿಸಲು ಬರುವ ದೀಪವೆಂದು ದುಡ್ಡು ಕೊಟ್ಟದ್ದು ವ್ಯರ್ಥವಾಗುತ್ತದೆ.

ಸರಿಗೆಯನ್ನು ಮೊದಲೇ ಗಿಡ್ಡಗೆ ಕತ್ತರಿಸಬಾರದು. ಎಲ್ಲಾ ದೀಪಗಳನ್ನು ಸಿಕ್ಕಿಸಿ, ಒಂದು ರಾತ್ರಿ ಭಾರ ಹೊರಲು ಬಿಟ್ಟು, ಮರುದಿನ ಮತ್ತೊಮ್ಮೆ ಮಟ್ಟ ನೋಡಿ, ಆಮೇಲೆ ಹೆಚ್ಚಿನ ಉದ್ದವನ್ನು ತೆಗೆಯಬೇಕು.

ವಿದ್ಯುತ್ ಕೆಲಸ

ಇಲ್ಲಿಂದ ಮುಂದಿನದನ್ನು ಪರವಾನಗಿ ಇರುವ ಎಲೆಕ್ಟ್ರಿಷಿಯನ್ನರಿಂದಲೇ ಮಾಡಿಸಬೇಕು. ಆದರೂ ಮನೆಯವರು ತಿಳಿದುಕೊಂಡಿದ್ದರೆ ಕೆಲಸ ಸರಿಯಾಗಿ ಆಗುತ್ತಿದೆಯೇ ಎಂದು ನೋಡಿಕೊಳ್ಳಬಹುದು.

ಅಂಗಡಿಯಲ್ಲಿ ಎರಡು ತಂತಿಯ ಟ್ರ್ಯಾಕು ಅಗ್ಗಕ್ಕೆ ಸಿಗುತ್ತದೆ. ಅದರಲ್ಲಿ ಫೇಸು, ನ್ಯೂಟ್ರಲ್ ಮಾತ್ರ ಇರುತ್ತವೆ. ಲೋಹದ ಮೈಯ ದೀಪಕ್ಕೆ ಅರ್ತಿಂಗ್ ತಲುಪಿಸುವ ದಾರಿಯೇ ಇರುವುದಿಲ್ಲ. ತೇವದ ಊರಿನಲ್ಲಿ, ಕೈಯಿಂದ ಮುಟ್ಟಿ ತಿರುಗಿಸುವ ದೀಪಕ್ಕೆ ಅರ್ತಿಂಗ್ ಇರುವ ಮೂರು ತಂತಿಯ ಟ್ರ್ಯಾಕನ್ನೇ ಕೊಳ್ಳಬೇಕು. ದೀಪಗಳನ್ನೂ ಅದೇ ಕಂಪನಿಯದೇ ಕೊಳ್ಳಿ, ಏಕೆಂದರೆ ಒಬ್ಬರ ದೀಪದ ತಲೆ ಇನ್ನೊಬ್ಬರ ಟ್ರ್ಯಾಕಿಗೆ ಕೂತರೂ ಒಳಗಿನ ಸಂಪರ್ಕ ಸರಿಯಾಗಿ ತಾಗುತ್ತದೆಂದು ಹೇಳಲಾಗದು. ಟ್ರ್ಯಾಕಿನ ಒಂದು ಬದಿಗೆ ಉದ್ದಕ್ಕೂ ಸಣ್ಣ ಏಣು ಅಥವಾ ಗೀರು ಇರುವುದುಂಟು. ಕೂಡಿಸುವಾಗ ಆ ಗುರುತು ಎಲ್ಲಾ ತುಂಡುಗಳಲ್ಲೂ ಒಂದೇ ಬದಿಗೆ ಬರಬೇಕು; ತಪ್ಪಿದರೆ ಫೇಸು ನ್ಯೂಟ್ರಲ್ ಅದಲುಬದಲಾಗುತ್ತವೆ.

ವಿದ್ಯುತ್ ಹೊರೆ ಬಹಳ ಕಡಿಮೆ. 12 ವ್ಯಾಟಿನ ಒಂಬತ್ತು ಎಲ್‌ಇಡಿ ದೀಪಗಳೆಂದರೆ 108 ವ್ಯಾಟ್, 230 ವೋಲ್ಟಿನಲ್ಲಿ ಅರ್ಧ ಆಂಪಿಯರ್‌ನ ಆಸುಪಾಸು. 1.5 ಚದರ ಮಿಲಿಮೀಟರ್ ತಾಮ್ರದ ವೈರು, 6 ಆಂಪಿಯರ್ ಎಂಸಿಬಿ (ಹೊರೆ ಮೀರಿದರೆ ತಾನೇ ಬೀಳುವ ಸ್ವಿಚ್), ಅದರ ಹಿಂದೆ 30 ಮಿಲಿಆಂಪಿಯರಿನ ಆರ್‌ಸಿಸಿಬಿ (ವಿದ್ಯುತ್ ಸೋರಿದರೆ ತಾನೇ ಬೀಳುವ ಸ್ವಿಚ್) ಇದ್ದರೆ ಧಾರಾಳ. ಏಪ್ರಿಲ್, ಮೇ ತಿಂಗಳ ಗುಡುಗುಸಿಡಿಲಿಗೆ ಎಲ್‌ಇಡಿ ಡ್ರೈವರುಗಳು ಸುಡುವುದುಂಟು, ಆದ್ದರಿಂದ ಮುಖ್ಯ ಬೋರ್ಡಿನಲ್ಲಿ ಸರ್ಜ್ ರಕ್ಷಕ ಹಾಕಿಸಿದರೆ ಒಳ್ಳೆಯದು. ಮಾಡಿನ ಮೇಲೆ ಹಾಯುವ ವೈರನ್ನು ಬರಿದಾಗಿ ಬಿಡಬೇಡಿ. ಇಲಿಗಳಿಗೆ ತೊಲೆಯೇ ರಾಜಮಾರ್ಗ. ಗಟ್ಟಿ ಪೈಪಿನೊಳಗೆ, ತೊಲೆಯ ಬೆನ್ನ ಮೇಲೆ ಅದು ಹೋಗಬೇಕು.

ತೊಲೆಯ ಮೇಲಿನ ಜಂಕ್ಷನ್ ಬಾಕ್ಸಿನಿಂದ ಟ್ರ್ಯಾಕಿನ ತುದಿಗೆ ಇಳಿಯುವ ಮೂರೆಳೆಯ ದುಂಡು ಕೇಬಲ್ಲನ್ನು ತೂಗುವ ಸರಿಗೆಗಿಂತ ಸ್ವಲ್ಪ ಉದ್ದವಾಗಿಯೇ ಬಿಡಬೇಕು. ಸರಿಗೆ ಬಿಗಿಯಾಗಿ, ಕೇಬಲ್ ಸಡಿಲವಾಗಿ ಇದ್ದರೆ ಭಾರವನ್ನು ಸರಿಗೆ ಹೊತ್ತಿದೆ ಎಂದು ನೆಲದ ಮೇಲೆ ನಿಂತೇ ಹೇಳಬಹುದು. ಕೆಲಸದ ಹೊತ್ತಿಗೆ ಎಂಸಿಬಿ ಇಳಿಸಿ, ಟೆಸ್ಟರಿನಿಂದ ನೋಡಿ, ಬೋರ್ಡಿನ ಬಳಿ ಯಾರೂ ಸ್ವಿಚ್ ಹಾಕದಂತೆ ಒಬ್ಬರಿಗೆ ಹೇಳಿಟ್ಟು ಏಣಿ ಹತ್ತಬೇಕು.

ಬೆಳಕು ಎಲ್ಲಿಗೆ

ಟ್ರ್ಯಾಕಿನ ಜಾಗವನ್ನು ಮಾಡಿನ ಅನುಕೂಲದಂತೆ ಅಲ್ಲ, ಬೆಳಗಬೇಕಾದ ವಸ್ತುವಿನಿಂದ ಹಿಂದಕ್ಕೆ ಲೆಕ್ಕ ಹಾಕಿ ಗೊತ್ತುಮಾಡಬೇಕು. ಗೋಡೆಯ ಮೇಲಿನ ಚಿತ್ರಕ್ಕೆ ಬೆಳಕು ಲಂಬದಿಂದ 30 ಡಿಗ್ರಿ ಓರೆಯಲ್ಲಿ ಬಿದ್ದರೆ ಗಾಜಿನ ಹೊಳಪು ಕಣ್ಣಿಗೆ ಹೊಡೆಯುವುದಿಲ್ಲ. ಟ್ರ್ಯಾಕು ಒಂಬತ್ತು ಅಡಿಯಲ್ಲಿದ್ದು ಚಿತ್ರದ ನಡು ಐದು ಅಡಿಯಲ್ಲಿದ್ದರೆ ನಡುವಿನ ನಾಲ್ಕು ಅಡಿಯನ್ನು 0.58 ರಿಂದ ಗುಣಿಸಬೇಕು. ಗೋಡೆಯಿಂದ ಎರಡು ಅಡಿ ನಾಲ್ಕು ಇಂಚು ದೂರದಲ್ಲಿ ಟ್ರ್ಯಾಕ್ ಬರುತ್ತದೆ. ಕೆತ್ತಿದ ಬಾಗಿಲಿಗೋ ಒರಟು ಕಲ್ಲಿನ ಗೋಡೆಗೋ ಬೆಳಕು ಇನ್ನೂ ಓರೆಯಾಗಿ, ಮೈಗೆ ಒರಸಿಕೊಂಡು ಇಳಿಯಬೇಕು. ಬೇಲೂರಿನ ಚೆನ್ನಕೇಶವ ದೇವಾಲಯದ ಹೊರಗೋಡೆಯ ಮೇಲೆ ಎಳೆಬಿಸಿಲು ಓರೆಯಾಗಿ ಬಿದ್ದಾಗ ಶಿಲ್ಪದ ಒಂದೊಂದು ಮಣಿಯೂ ನೆರಳು ಹೊತ್ತು ಎದ್ದು ಕಾಣುವುದನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಎರಡು ಮೀಟರ್ ಕೆಳಗಿನ ಮೇಜಿನ ಮೇಲೆ 24 ಡಿಗ್ರಿ ಹರವಿನ ದೀಪ ಸುಮಾರು 85 ಸೆಂಟಿಮೀಟರ್ ಅಗಲದ ಬೆಳಕು ಚೆಲ್ಲುತ್ತದೆ, 36 ಡಿಗ್ರಿಯದು 1.3 ಮೀಟರ್. ಮರ, ಹಂಚುಗಳ ಕೆಂಪಿಗೆ 2700 ರಿಂದ 3000 ಕೆಲ್ವಿನ್ನಿನ ಬೆಚ್ಚನೆಯ ಬೆಳಕೇ ಸರಿ. ಬಿಳಿ ಬೆಳಕಿಗೆ ಹಲಸಿನ ಹೊಂಬಣ್ಣ ಬೂದಿ ಬಡಿದಂತೆ ಕಾಣುತ್ತದೆ. ಒಂದೆರಡು ದೀಪಗಳನ್ನು ಮೇಲಕ್ಕೆ, ಪಕಾಸುಗಳ ಕಡೆಗೆ ತಿರುಗಿಸಿ. ಎಲ್ಲವನ್ನೂ ಕೆಳಕ್ಕೆ ತಿರುಗಿಸಿದರೆ ತೆರೆದಿಟ್ಟ ಮಾಡು ರಾತ್ರಿಯ ಹೊತ್ತು ಕತ್ತಲ ಗುಹೆಯಾಗುತ್ತದೆ.

ಮಳೆಗಾಲದ ಮುನ್ನ

ಸಾಮಾನ್ಯ ಟ್ರ್ಯಾಕ್ ಒಳಾಂಗಣಕ್ಕಷ್ಟೇ ತಕ್ಕದ್ದು. ಇರಚಲು ಹೊಡೆಯುವ ಜಗಲಿಗೂ ಸೂರಿನ ಅಂಚಿಗೂ ಅದನ್ನು ಹಾಕಕೂಡದು. ಪ್ರತಿವರ್ಷ ಮೇ ತಿಂಗಳಲ್ಲಿ ಹಂಚು ಕೈಯಾಡಿಸುವವರು ಬಂದಾಗ ಟ್ರ್ಯಾಕಿನ ನೇರಕ್ಕೆ ಇರುವ ಹಂಚುಗಳನ್ನು ಮೊದಲು ನೋಡಿಸಿ, ಒಡೆದದ್ದನ್ನು ಬದಲಿಸಿ. ಅದೇ ದಿನ ಎಂಸಿಬಿ ಇಳಿಸಿ, ಒಣಬಟ್ಟೆಯಿಂದ ಟ್ರ್ಯಾಕಿನ ದೂಳು ಒರೆಸಿ, ತುದಿಯ ಮುಚ್ಚಳಗಳು ಬಿಗಿಯಾಗಿವೆಯೇ ನೋಡಿ. ಮುಚ್ಚಳ ಬಿದ್ದುಹೋದ ಟ್ರ್ಯಾಕಿನೊಳಗೆ ಮೊದಲ ಮಳೆಯ ಹುಳುಗಳೆಲ್ಲ ಸೇರಿಕೊಳ್ಳುತ್ತವೆ.

ಕೊಂಡಿಗಳನ್ನು ಒಂದೊಂದಾಗಿ ಕೈಯಿಂದ ಅಲ್ಲಾಡಿಸಿ ನೋಡಬೇಕು. ಇದಕ್ಕೆ ನಾನೊಂದು ಸಣ್ಣ ರೂಢಿ ಇಟ್ಟುಕೊಂಡಿದ್ದೇನೆ. ಕೆಲಸ ಮುಗಿಸುವ ದಿನ ಪ್ರತಿಯೊಂದು ಸರಿಗೆಯ ಮೇಲೆ, ಗ್ರಿಪ್ಪರಿಗೆ ಸರಿಯಾಗಿ ತಾಗಿದಂತೆ, ಉಗುರುಬಣ್ಣದಿಂದ ಒಂದು ಕೆಂಪು ಚುಕ್ಕೆ ಇಡುತ್ತೇನೆ. ಮುಂದಿನ ವರ್ಷ ಆ ಚುಕ್ಕೆ ಗ್ರಿಪ್ಪರಿನಿಂದ ಒಂದು ಕಾಳಿನಷ್ಟು ದೂರ ಹೋಗಿದ್ದರೂ ಸರಿಗೆ ಜಾರುತ್ತಿದೆ ಎಂದರ್ಥ. ಆ ಗ್ರಿಪ್ಪರನ್ನು ಅಂದೇ ಬದಲಿಸಬೇಕು.